ಕಣ್ಣು ಮುಚ್ಚಿ ಆ್ಯಪ್ ಬಳಸಿ ನೋಡಿ

ನಮ್ಮ ದಾದಾ ಅವರಿಗೆ ಕಣ್ಣು ಕಾಣಿಸುವುದಿಲ್ಲ. ಆದರೂ ಮೊಬೈಲ್ ಬಳಸುತ್ತಾರೆ. ಫೋನಿನಲ್ಲಿರುವ ಟಾಕ್‌ಬ್ಯಾಕ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಒಂದು ದಿನ ಹಣ ಕಳಿಸುವ ಆ್ಯಪ್ ಒಂದರಲ್ಲಿ ಅವರು ಬೆರಳಿಟ್ಟಲ್ಲೆಲ್ಲ "ಬಟನ್, ಬಟನ್" ಎಂದಷ್ಟೇ ಕೇಳಿಸಿತು. ಯಾವುದು ಕಳಿಸುವುದು, ಯಾವುದು ರದ್ದು ಮಾಡುವುದು ಗೊತ್ತಾಗಲಿಲ್ಲ. ಕೊನೆಗೆ ಫೋನ್ ನನಗೆ ಕೊಟ್ಟು ಪಿನ್ ಕೂಡ ಹೇಳಿದರು. "ಬೇಟಿ, ನೀನು ಮನೆಯವಳು, ಪರವಾಗಿಲ್ಲ. ಬೇರೆಯವರಾಗಿದ್ದರೆ?" ಎಂದರು.

ಇದು ಕೇವಲ ತೊಂದರೆಯಲ್ಲ, ಹಕ್ಕಿನ ಪ್ರಶ್ನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಬ್ಯಾಂಕಿನ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ಅಂಧರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪು ನೀಡಿ, 20 ನಿರ್ದೇಶನಗಳನ್ನು ಕೊಟ್ಟಿತು.

ಹಾಗಾದರೆ ವೆಬ್‌ಸೈಟ್ ಅಥವಾ ಆ್ಯಪ್ ಮಾಡುವವರು ಕಲಿಯಬೇಕಾದದ್ದೇನು?

1. ಪ್ರತಿ ಬಟನ್‌ಗೂ ಹೆಸರು ಕೊಡಬೇಕು. ಬಾಣದ ಚಿತ್ರ ಮಾತ್ರ ಹಾಕಿದರೆ ಸಾಲದು, ಒಳಗೆ "ಹಣ ಕಳಿಸಿ" ಎಂದು ಬರೆದಿರಬೇಕು.

2. ಚಿತ್ರಕ್ಕೆ ವಿವರಣೆ ಬರೆಯಬೇಕು. ಸೂಚನಾ ಫಲಕದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಕಾಣದವರಿಗೆ ಅದು ಬರೀ ಫೋಟೋ. ಜೊತೆಗೆ ಟೈಪ್ ಮಾಡಿಯೂ ಹಾಕಬೇಕು.

3. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಓದುವ ತಂತ್ರಾಂಶ ಅದನ್ನೇ ಅರ್ಥವಿಲ್ಲದೆ ಓದುತ್ತದೆ.

4. ಪುಟದ ಭಾಷೆ ಯಾವುದೆಂದು ಕೋಡ್‌ನಲ್ಲಿ ಸೂಚಿಸಬೇಕು. ಆಗ ಕನ್ನಡಕ್ಕೆ ಕನ್ನಡದ ಧ್ವನಿ, ಉರ್ದುವಿಗೆ ಉರ್ದು ಧ್ವನಿ ಬರುತ್ತದೆ. ಉರ್ದುವಿಗೆ ಬಲದಿಂದ ಎಡಕ್ಕೆ ಎಂಬ ಸೂಚನೆಯೂ ಬೇಕು.

5. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ತಪ್ಪನ್ನು ಕೆಂಪು ಬಣ್ಣದಿಂದ ಮಾತ್ರ ತೋರಿಸದೆ ಮಾತಿನಲ್ಲೂ ಹೇಳಬೇಕು.

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇನ್ನೊಂದು ಮಾತು. ಬಟನ್‌ಗೆ ಹೆಸರು ಬರೆಯಲು ಒಂದು ನಿಮಿಷ ಸಾಕು. ಬರೆಯದಿದ್ದರೆ ಗಿರಾಕಿ ಅಂಗಡಿ ಬಾಗಿಲಿಂದಲೇ ವಾಪಸ್ ಹೋದಂತೆ.

ನಮ್ಮಲ್ಲಿ ಕೆಲವರು ಮುಂದೆ ಬಿಸಿಎ ಸೇರುತ್ತೀರಿ, ಆ್ಯಪ್ ಮಾಡುತ್ತೀರಿ. ಇವತ್ತೇ ಒಂದು ಅಭ್ಯಾಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಣ್ಣು ಮುಚ್ಚಿ ಒಂದು ಮೆಸೇಜ್ ಕಳಿಸಿ. ಎಲ್ಲಿ ನಿಂತಿರೋ ಅಲ್ಲೇ ನಮ್ಮ ದಾದಾ ಕೂಡ ನಿಂತಿದ್ದು.