ಮನೆ ಬಡಗಿಯ ರೂಟರ್: ಕಡಿಮೆ ದುಡ್ಡಿಗೆ ಒಂಬತ್ತು ಸೂತ್ರ

ಮರಗೆಲಸದ ಹುಚ್ಚು ಹತ್ತಿದವರು ಮೊದಲು ಡ್ರಿಲ್ ಕೊಳ್ಳುತ್ತಾರೆ, ಆಮೇಲೆ ಜಿಗ್‌ಸಾ. ಮೂರನೆಯದಾಗಿ ಕಣ್ಣು ಬೀಳುವುದು ರೂಟರ್ ಮೇಲೆ. ಫೋಟೋ ಫ್ರೇಮಿನಲ್ಲಿ ಗಾಜು ಕೂರುವ ಮೆಟ್ಟಿಲು, ದೇವರ ಮಂಟಪದ ಅಂಚಿನ ದುಂಡು, ಕಪಾಟಿನ ಹಲಗೆ ಜಾರುವ ತೋಡು, ಇವನ್ನೆಲ್ಲ ಉಳಿ ಹಿಡಿದು ಕೆತ್ತುತ್ತ ಕೂತರೆ ಭಾನುವಾರವೇ ಮುಗಿದುಹೋಗುತ್ತದೆ. ರೂಟರ್‌ಗೆ ಅದು ಕೆಲವೇ ನಿಮಿಷದ ಕೆಲಸ. ಆದರೆ ಅಂಗಡಿಗೆ ಹೋದವರು ನೋಡುವುದು ವ್ಯಾಟ್ ಎಷ್ಟು, ಬೆಲೆ ಎಷ್ಟು ಅಂತ. ನೋಡಬೇಕಾದ್ದು ಬೇರೆ ಇದೆ.

1. ಮೊದಲು ಕೆಲಸ ತೀರ್ಮಾನಿಸಿ, ಆಮೇಲೆ ಮಷೀನು

ಸ್ಟೂಲು, ಮಣೆ, ಫ್ರೇಮು, ಮಕ್ಕಳ ಪುಸ್ತಕದ ಗೂಡು ಇಷ್ಟೇ ಆದರೆ ಟ್ರಿಮ್ಮರ್ ಸಾಕು. ಪ್ಲೈವುಡ್‌ಗೆ ಅಂಟಿಸಿದ ಮೈಕಾದ ಅಂಚು ಸವರಲು ಬಡಗಿಗಳು ಒಂದೇ ಕೈಲಿ ಹಿಡಿದಿರುತ್ತಾರಲ್ಲ, ಅದೇ. ಮಕಿಟಾ 3709 ಬರೀ 530 ವ್ಯಾಟ್, ಬಾಷ್ ಜಿಕೆಎಫ್ 550 ಹೆಸರಿಗೆ ತಕ್ಕಂತೆ 550. ದಿನವಿಡೀ ಇಂಟೀರಿಯರ್ ಕೆಲಸ ಮಾಡುವವರಿಗೇ ಇಷ್ಟು ಸಾಕಾಗಿರುವಾಗ ರಜೆಯ ಹವ್ಯಾಸಕ್ಕೆ ಎರಡು ಸಾವಿರ ವ್ಯಾಟ್ ಯಾಕೆ? ಚೌಕಟ್ಟಿಗೆ ಆಳದ ಕಚ್ಚು ಹೊಡೆಯುವುದು, ಮೇಜಿನಡಿ ತಲೆಕೆಳಗಾಗಿ ಜೋಡಿಸಿ ಉದ್ದುದ್ದ ಹಲಗೆ ಓಡಿಸುವುದು ಇಂಥ ಆಸೆ ಇದ್ದರೆ ಮಾತ್ರ ಎರಡು ಹಿಡಿಯ ಪ್ಲಂಜ್ ರೂಟರ್ ನೋಡಿ. ಮೊದಲ ಮಷೀನಾಗಿ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಭಾರವೂ ಜಾಸ್ತಿ, ಆರ್ಭಟವೂ ಜಾಸ್ತಿ.

2. ಕಾಲೆಟ್ ಅಳೆಯದೆ ದುಡ್ಡು ಬಿಚ್ಚಬೇಡಿ

ಇಡೀ ವ್ಯವಹಾರದ ಜೀವಾಳ ಇಲ್ಲಿದೆ. ಬಿಟ್‌ನ ಕಾಂಡವನ್ನು ಕಚ್ಚಿ ಹಿಡಿಯುವ ಸೀಳು ಬಳೆಯೇ ಕಾಲೆಟ್. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಕಾಲೆಟ್ಟೂ ಇದೆ, ಕಾಲು ಇಂಚಿನದೂ ಇದೆ. ಕಾಲು ಇಂಚು ಅಂದರೆ 6.35 ಮಿ.ಮೀ. ಕೌಂಟರಿನಲ್ಲಿ ಎರಡಕ್ಕೂ 'ಕಾಲಿಂಚು ಸಾರ್' ಅಂದುಬಿಡುತ್ತಾರೆ. 6.35ರ ಕಾಲೆಟ್‌ಗೆ 6ರ ಬಿಟ್ ಹಾಕಿ ಸ್ಪ್ಯಾನರ್‌ನಲ್ಲಿ ಎಷ್ಟೇ ಬಿಗಿದರೂ ಅದು ಪೂರ್ತಿ ಕಚ್ಚುವುದಿಲ್ಲ. ನಿಮಿಷಕ್ಕೆ 30,000 ಸುತ್ತು ತಿರುಗುವಾಗ ಬಿಟ್ ಕೂದಲೆಳೆಯಷ್ಟಾಗಿ ಕೆಳಗಿಳಿಯುತ್ತದೆ. 5 ಮಿ.ಮೀ. ಆಳಕ್ಕೆ ಶುರುವಾದ ತೋಡು ಹಲಗೆಯ ಇನ್ನೊಂದು ತುದಿಗೆ 8 ಆಗಿರುತ್ತದೆ. ಅದೃಷ್ಟ ಕೆಟ್ಟರೆ ಬಿಟ್ ಕಳಚಿ ಹಾರುತ್ತದೆ. ದೊಡ್ಡ ರೂಟರ್‌ಗಳಲ್ಲಿ 12 ಮತ್ತು 12.7 ಮಿ.ಮೀ. ನಡುವೆ ಇದೇ ಗೊಂದಲ. ಕೆಲವು ಮಷೀನು 8 ಮಿ.ಮೀ.ಗೂ ಬರುತ್ತವೆ, ಅದಕ್ಕೆ ಬಿಟ್ ಹುಡುಕಿಕೊಂಡು ಊರೂರು ಅಲೆಯಬೇಕಾದೀತು.

ಆದ್ದರಿಂದ ಜೇಬಿನಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಹೋಗಿ. ಬಿಟ್‌ನ ಕಾಂಡ ಅಳೆಯಿರಿ, ಕಾಲೆಟ್ ಮೇಲೆ ಕೊರೆದ ಅಂಕಿ ಓದಿ. ಪ್ಲಗ್ ಕಿತ್ತ ಸ್ಥಿತಿಯಲ್ಲೇ ಬಿಟ್ ಬಿಗಿದು ಕೈಯಿಂದ ತಿರುಗಿಸಿ, ತುದಿಯ ಪಕ್ಕ ಸ್ಕೇಲ್ ಹಿಡಿದು ನೋಡಿ. ತುದಿ ಓಲಾಡಿದರೆ ಆ ಮಷೀನು ಮುಟ್ಟಬೇಡಿ, ಅದಕ್ಕೆ ಎಷ್ಟು ರಿಯಾಯಿತಿ ಕೊಟ್ಟರೂ ಅಷ್ಟೆ. ಮನೆಗೆ ತಂದ ಮೇಲೆ ಬಿಟ್ಟನ್ನು ತಳ ಮುಟ್ಟುವಷ್ಟು ಒಳಗೆ ತೂರಿಸಿ, ಎರಡು ಮೂರು ಮಿ.ಮೀ. ಹಿಂದಕ್ಕೆಳೆದು ಬಿಗಿಯುವುದು ರೂಢಿಯಾಗಲಿ.

3. ಗೋಡೆಯ ಸಾಕೆಟ್ ನೋಡಿಕೊಳ್ಳಿ

ಮನೆಯ ಸಣ್ಣ ಸಾಕೆಟ್ 6 ಆಂಪಿಯರ್. 230 ವೋಲ್ಟಿನಿಂದ ಗುಣಿಸಿದರೆ 1,380 ವ್ಯಾಟ್. ಟ್ರಿಮ್ಮರ್‌ಗೆ ಧಾರಾಳವಾಯಿತು. 1,650 ವ್ಯಾಟಿನ ರೂಟರ್ ತಂದರೆ ಗೀಸರ್‌ನ 16 ಆಂಪಿಯರ್ ಸಾಕೆಟ್ಟೇ ಬೇಕು. ಇನ್ನೊಂದು, ಕೆಲಸದ ಮಧ್ಯೆ ಕರೆಂಟ್ ಹೋದರೆ ತಕ್ಷಣ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಟ್ರಿಮ್ಮರ್‌ನ ಸ್ವಿಚ್ ಜಾರಿಸಿದ ಕಡೆಯೇ ಕೂರುವಂಥದ್ದು. ನೀವು ಒಳಗೆ ಕಾಫಿ ಕುಡಿಯುತ್ತಿರುವಾಗ ಕರೆಂಟ್ ಬಂದರೆ ಮಷೀನು ತಾನೇ ಎದ್ದು ಮೇಜಿನಿಂದ ಜಿಗಿಯುತ್ತದೆ.

4. ವೇಗದ ಗುಂಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ಬಿಟ್‌ಗೇ ನಿಲ್ಲಿ

25 ಮಿ.ಮೀ. ಅಗಲದ ಬಿಟ್ 30,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 140 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಅಗಲ 25 ದಾಟಿದರೆ ವೇಗ 18,000ದ ಆಸುಪಾಸಿಗೆ ಇಳಿಯಬೇಕು, 50 ದಾಟಿದರೆ ಇನ್ನೂ ಕೆಳಗೆ.

5. ದುಡ್ಡನ್ನು ಹಂಚಿ

ಕೈಯಲ್ಲಿ ಆರು ಸಾವಿರ ಇದ್ದರೆ ಆರನ್ನೂ ಮಷೀನಿಗೆ ಸುರಿಯಬೇಡಿ. ಮೂರೂವರೆ ಮಷೀನಿಗೆ, ಸಾವಿರದೈನೂರು ಬಿಟ್‌ಗೆ, ಉಳಿದದ್ದು ಕ್ಲ್ಯಾಂಪು, ಕನ್ನಡಕ, ಮಾಸ್ಕಿಗೆ. ಮರದ ಪೆಟ್ಟಿಗೆಯಲ್ಲಿ ಹನ್ನೆರಡು, ಹದಿನೈದು ಬಿಟ್ ಜೋಡಿಸಿಟ್ಟ ಸೆಟ್ಟು ನೋಡೋಕೆ ಚೆಂದ, ಅಷ್ಟೇ. ಅದರಲ್ಲಿ ಅರ್ಧಕ್ಕೆ ಜನ್ಮದಲ್ಲಿ ಕೆಲಸ ಸಿಗುವುದಿಲ್ಲ. ಕಾರ್ಬೈಡ್ ತುದಿಯ ಮೂರೇ ಬಿಟ್ ತನ್ನಿ: 6 ಮಿ.ಮೀ.ನ ನೇರ ಬಿಟ್, ಬೇರಿಂಗ್ ಇರುವ ಟ್ರಿಮ್ ಬಿಟ್, ಅಂಚು ದುಂಡಾಗಿಸುವ ಬಿಟ್. ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳ ತೆಗೆಯದಿದ್ದರೆ ಅಗ್ಗದ ಮಷೀನೂ ವರ್ಷಗಟ್ಟಲೆ ಬಾಳುತ್ತದೆ.

6. ಊರಿನ ಮರದಲ್ಲಿ ಕೈ ಪಳಗಿಸಿ

ಬದುವಿನ ಸಿಲ್ವರ್ ಓಕ್ ಹಗುರ, ಬಿಟ್ ಮೊಂಡಾಗಿದ್ದರೆ ಅಂಚು ಸಿಬಿರೇಳುತ್ತದೆ. ಹಲಸು ಸೊಗಸಾಗಿ ಕಡಿಯುತ್ತದೆ, ನಿಧಾನ ಮಾಡಿದರೆ ಸುಟ್ಟ ಕಪ್ಪು ಗೆರೆ ಬೀಳುತ್ತದೆ. ತೇಗದಲ್ಲಿರುವ ಸಿಲಿಕಾ ಬಿಟ್‌ನ ಹರಿತ ತಿನ್ನುತ್ತದೆ. ಬೇವಿನ ಧೂಳು ಗಂಟಲು ಕೆರೆಸುವುದನ್ನು ಹೇಳಲೇಬೇಕಿಲ್ಲ, ಎನ್ 95 ಮಾಸ್ಕ್ ಹಾಕಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪುಕ್ಕಟೆ ಸಿಕ್ಕರೆ ಬಿಡಬೇಡಿ, ಆದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ.

7. ರೇಷ್ಮೆ ಹುಳು ಮನೆಯಿಂದ ದೂರ

ಈ ಸೂತ್ರ ರೇಷ್ಮೆ ಸಾಕದವರಿಗೆ ಬೇಡ, ಶಿಡ್ಲಘಟ್ಟದಂಥ ರೇಷ್ಮೆ ಸಾಕುವ ಕಡೆಯವರಿಗೆ ಬೇಕೇ ಬೇಕು. ಹುಳಕ್ಕೆ ಕೀಟನಾಶಕದ ಸೋಂಕು ಆಗದು. ಗೆದ್ದಲು ಹಿಡಿಯದಿರಲೆಂದು ಪ್ಲೈವುಡ್‌ಗೆ, ಹಳೇ ಚೌಕಟ್ಟಿಗೆ ಹಾಕಿರುವುದೂ ಕೀಟನಾಶಕವೇ. ರೂಟರ್ ಅದನ್ನು ನುಣ್ಣನೆ ಧೂಳು ಮಾಡಿ ಗಾಳಿಗೆ ತೂರುತ್ತದೆ. ಆ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹೋಗುವುದು ಒಂದಿಡೀ ಬೆಳೆ. ಹುಳು ನಾಲ್ಕನೇ ಜ್ವರ (ನಾಲ್ಕನೇ ಸಲ ಪೊರೆ ಬಿಡುವ ಹಂತ) ದಾಟಿ ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುವವರೆಗೆ ಮಷೀನು ಡಬ್ಬದಲ್ಲೇ ಇರಲಿ. ವಾರ್ನಿಷ್ಷಿಗೂ ಇದೇ ಮಾತು.

8. ಕಾರ್ಬನ್ ಎಲ್ಲಿ ಸಿಗುತ್ತದೆ ಕೇಳಿ

ಇಂಥ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಸವೆಯುವುದು ಸಹಜ. ಆ ಮಾಡೆಲ್ಲಿನ ಬ್ರಷ್, ಕಾಲೆಟ್, ತಳದ ಪ್ಲೇಟು ಬಿಡಿಯಾಗಿ ಸಿಗದಿದ್ದರೆ ಅಗ್ಗದ ಬೆಲೆಗೆ ಅರ್ಥವಿಲ್ಲ. ಚಿಂತಾಮಣಿ, ಗೌರಿಬಿದನೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇಲ್ಲ ಅಂದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

9. ದಿಕ್ಕು ತಪ್ಪಬೇಡಿ

ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆಯ ಹೊರ ಅಂಚಿಗೆ ಮಷೀನನ್ನು ಅದಕ್ಕೆ ಎದುರಾಗಿ, ಅಂದರೆ ನಿಮ್ಮ ಕಡೆಗಿರುವ ಅಂಚಿನಲ್ಲಿ ಎಡದಿಂದ ಬಲಕ್ಕೆ ಒಯ್ಯಿರಿ. ಫ್ರೇಮಿನ ಒಳ ಅಂಚಿಗೆ ಉಲ್ಟಾ. ತಪ್ಪಿದರೆ ಮಷೀನು ನಿಮ್ಮನ್ನೇ ಎಳೆದುಕೊಂಡು ಓಡುತ್ತದೆ. ನಾಲ್ಕೂ ಅಂಚು ದುಂಡು ಮಾಡುವಾಗ ನಾರು ಕತ್ತರಿಸಿದ ಅಡ್ಡ ತುದಿಗಳನ್ನು ಮೊದಲು ಮುಗಿಸಿ. ಅಲ್ಲಿ ಮೂಲೆ ಎದ್ದರೂ ಉದ್ದದ ಅಂಚು ಹೊಡೆಯುವಾಗ ಸರಿಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಕೇಳುವವರಿದ್ದಾರೆ. ಇಂಟೀರಿಯರ್ ಮೇಸ್ತ್ರಿಗಳು ಮಾರುವ ಹಳೇ ಟ್ರಿಮ್ಮರ್ ಕೆಟ್ಟದ್ದೇನಲ್ಲ. ಓಡಿಸಿ, ಗಾಳಿಯ ಕಿಂಡಿಯಲ್ಲಿ ಇಣುಕಿ. ಬ್ರಷ್ ಬಳಿ ಸಣ್ಣ ನೀಲಿ ಕಿಡಿ ಸರಿ, ಸುತ್ತಲೂ ಬೆಂಕಿಯ ಬಳೆ ಕಂಡರೆ ಬೇಡ. ಆಫ್ ಮಾಡಿದಾಗ ಬೇರಿಂಗ್ ಕರಕರ ಅಂದರೂ ಬೇಡ. ಹೊಸದರ ಅರ್ಧಕ್ಕಿಂತ ಜಾಸ್ತಿ ಬೆಲೆ ಹೇಳಿದರೆ ಹೊಸದನ್ನೇ ತನ್ನಿ, ವಾರಂಟಿಯಾದರೂ ಇರುತ್ತದೆ.