ಪುಟ್ಟನ ಕೈಯಿಂದಲೇ ಕೊಡಿಸು

ಸಿರಿಮನೆ

ಚಿ. ಸೌ. ಕೂಸಿಗೆ, ಅಪ್ಪಯ್ಯ ಮಾಡುವ ಆಶೀರ್ವಾದಗಳು.

ಕೊನೆಕೊಯ್ಲು ಅರ್ಧ ಮುಗಿಯಿತು. ಹಳದಿ ಎಲೆ ರೋಗ ಕೆಳಗಿನ ತೋಟದಲ್ಲಿ ಇನ್ನೆರಡು ಸಾಲು ಹಿಡಿದಿದೆ, ಆ ಸುದ್ದಿ ಈಗ ಬೇಡ. ಅಮ್ಮನ ಮೊಣಕಾಲು ನೋವು ಬಿಸಿನೀರು ಕಾಸಿದ ದಿನ ಕಡಿಮೆ, ಕಾಸದ ದಿನ ಜಾಸ್ತಿ. ಅಬ್ಬಿಯ ಸದ್ದು ಸಣ್ಣಗಾಗಿದೆ. ರಾತ್ರಿ ಎಚ್ಚರವಾದರೆ ಕಿವಿಗೊಟ್ಟು ಕೇಳಬೇಕು.

ಪುಟ್ಟನನ್ನು ಬಹುರೂಪಿ ನಾಟಕೋತ್ಸವಕ್ಕೆ ಕರೆದುಕೊಂಡು ಹೋಗುತ್ತೇನೆ, ಮೈಸೂರಿನ ರಂಗಾಯಣದ ಬಯಲಿನಲ್ಲಿ ತೊಗಲುಗೊಂಬೆ ಆಟ ಇದೆಯಂತೆ, ಪುಕ್ಕಟೆ ಅಪ್ಪಯ್ಯಾ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ. ಬಹಳ ಸಂತೋಷವಾಯಿತು. ಆದರೆ ಆ 'ಪುಕ್ಕಟೆ' ಎಂಬ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದಲ್ಲ, ಅದಕ್ಕೇ ಕಾಗದ.

ನಾನು ಪುಟ್ಟನಷ್ಟಿದ್ದಾಗ ಘಟ್ಟದ ಕೆಳಗಿನಿಂದ ಸೂತ್ರದ ಗೊಂಬೆಯವರು ಬರುತ್ತಿದ್ದರು. ದೀಪಾವಳಿ ಕಳೆದು, ದಾರಿಯ ಕೆಸರು ಆರಿದ ಮೇಲೆ. ಒಂದೂವರೆ ಅಡಿಯ ಮರದ ಗೊಂಬೆಗಳು. ಯಕ್ಷಗಾನದ್ದೇ ಕಿರೀಟ, ಅದೇ ಭುಜಕೀರ್ತಿ. ಭಾಗವತರೂ ಇದ್ದರು, ಮದ್ದಳೆ ಚಂಡೆಯೂ ಇತ್ತು. ಪರದೆಯ ಹಿಂದೆ ನಿಂತವರು ಗೆಜ್ಜೆ ಕಟ್ಟಿಕೊಂಡು ತಾವೇ ಕುಣಿಯುತ್ತಿದ್ದರು. ಆಮೇಲೆ ಎಷ್ಟೋ ವರ್ಷಕ್ಕೆ, 1980ರಲ್ಲಿ, ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಕೊಗ್ಗ ಕಾಮತರಿಗೆ ಇಂಥದೇ ಗೊಂಬೆಯಾಟಕ್ಕಾಗಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಅದನ್ನು ತಿಳಿದಾಗ ನನಗೆ ಮೊದಲು ನೆನಪಾದದ್ದು ಗೊಂಬೆಯಲ್ಲ, ನಮ್ಮ ಮನೆಯ ಸೇರು. ಆಟದ ಮರುದಿನ ಬೆಳಿಗ್ಗೆ ಅಜ್ಜಯ್ಯ ನನ್ನನ್ನು ಎಬ್ಬಿಸಿ, ಸೇರಿನ ತುಂಬ ಅಕ್ಕಿ ಅಳೆದು, ಮೇಲೆ ಒಂದು ತೆಂಗಿನಕಾಯಿ ಇಟ್ಟು, ಹೊತ್ತುಕೊಂಡು ಹೋಗಿ ಕೊಟ್ಟು ಬಾ ಅನ್ನುತ್ತಿದ್ದ. ಭಾರಕ್ಕೆ ನನ್ನ ಕೈ ನಡುಗುತ್ತಿತ್ತು. ಚೀಟಿ ಎಂಬುದನ್ನೇ ಕಂಡರಿಯದ ಆಟ ಅದು. ಆದರೆ ಪಡಿ ಕೊಡದ ಮನೆ ಇರಲಿಲ್ಲ. ಪುಕ್ಕಟೆ ಎಂಬ ಮಾತು ಆ ಆಟಕ್ಕೆ ಅಂಟಿದ್ದನ್ನು ನಾನು ಕೇಳಿಲ್ಲ.

ಅದನ್ನು ಅಂಟಿಸಿದವನು ನಾನೇ. ನಿನಗೆ ಆಗ ಐದು ವರ್ಷ. ಊರಿನ ಯುವಕರ ಸಂಘಕ್ಕೆ ನಾನು ಕಾರ್ಯದರ್ಶಿ. ಬಯಲುಸೀಮೆಯ ಒಂದು ತೊಗಲುಗೊಂಬೆ ಮೇಳವನ್ನು ಕರೆಸಿದೆವು. ಒಂದು ಕಚೇರಿಯಿಂದ ಸಹಾಯಧನ ಬರುವುದಿತ್ತು. ನಾನು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸಂಪೂರ್ಣ ಉಚಿತ' ಎಂದು ಬರೆದೆ. ಪಡಿ ತಂದವರನ್ನೂ ಬೇಡ, ಸರ್ಕಾರ ಕೊಡುತ್ತದೆ ಎಂದು ವಾಪಸು ಕಳಿಸಿದೆ. ಊರಿಗೆ ಉಪಕಾರ ಮಾಡಿದೆ ಅಂತಲೇ ತಿಳಿದುಕೊಂಡಿದ್ದೆ.

ಆಟ ಹೇಗಿತ್ತು ಅಂತ ನಿನಗೆ ನೆನಪಿರಲಿಕ್ಕಿಲ್ಲ. ಮೂರು ಕಡೆ ಕಂಬಳಿ ಮರೆ, ಮುಂದೆ ಬಿಳಿ ಬಟ್ಟೆ, ಹಿಂದೆ ದೀಪ. ಹದಮಾಡಿ ತೆಳ್ಳಗೆ ಹೆರೆದ ಆಡಿನ ತೊಗಲು, ಅದಕ್ಕೆ ಸಣ್ಣ ಸಣ್ಣ ತೂತು ಕೊರೆದು ಬಣ್ಣ. ದೀಪದ ಬೆಳಕು ತೂರಿ ಬಂದರೆ ಕೆಂಪು ಕೆಂಡದ ಹಾಗೆ ಕಾಣಿಸುತ್ತದೆ. ಮೊದಲು ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಎಲ್ಲರನ್ನೂ ನಗಿಸಿದರು. ರಾಮಾಯಣ ಶುರುವಾಗಿ ಮಾಯಾಜಿಂಕೆ ಬಂದದ್ದೇ ತಡ, ಅದು ಬೇಕು ಅಂತ ನೀನು ಹಟ ಹಿಡಿದು ಅತ್ತೆ. ಆಟ ಮುಗಿದ ಮೇಲೆ ಮೇಳದ ಅಜ್ಜಿ ಪರದೆಯಾಚೆಯಿಂದ ಬಂದು ಜಿಂಕೆಯ ಕಡ್ಡಿಯನ್ನು ನಿನ್ನ ಕೈಗೆ ಕೊಟ್ಟು, ನಿನ್ನ ಕೈ ಮೇಲೆ ತನ್ನ ಕೈಯಿಟ್ಟು ಕುಣಿಸಿದಳು. ನೀನು ಸುಮ್ಮನಾದೆ.

ಅವರು ಶಾಲೆಯ ಜಗಲಿಯಲ್ಲಿ ಎರಡು ದಿನ ಉಳಿದರು. ತಮ್ಮ ಕಡೆ ಮಳೆ ಹೋದರೆ ಊರವರು ಗೊಂಬೆ ಆಡಿಸುತ್ತಾರೆ ಅಂತ ಹೇಳಿದರು. ನಮ್ಮಲ್ಲಿ ಮಳೆ ಬರಲಿಕ್ಕೂ, ಹೆಚ್ಚಾದರೆ ನಿಲ್ಲಲಿಕ್ಕೂ ಋಷ್ಯಶೃಂಗೇಶ್ವರನಿಗೇ ಮೊರೆ ಎಂದಾಗ ಬೆರಗಾಗಿ ಕಿಗ್ಗಕ್ಕೆ ನಡೆದುಕೊಂಡೇ ಹೋಗಿ ಕೈಮುಗಿದು ಬಂದರು. ಕಚೇರಿಯ ಹಣ ಬರಲಿಲ್ಲ. ಬಂದ ಮೇಲೆ ಕಳಿಸುತ್ತೇನೆ ಎಂದು ಬಸ್ಸಿನ ಖರ್ಚಷ್ಟೇ ಕೊಟ್ಟು ಶೃಂಗೇರಿಗೆ ಹತ್ತಿಸಿದೆ. ಅಡಿಕೆ ಮಾರಿದ ದುಡ್ಡು ಮನೆಯಲ್ಲಿ ಇತ್ತು ಕೂಸೇ. ಸಂಘದ ಲೆಕ್ಕಕ್ಕೆ ಮನೆಯ ದುಡ್ಡು ಯಾಕೆ ಅನ್ನಿಸಿತು. ನಾಲ್ಕು ತಿಂಗಳ ಮೇಲೆ ಮನಿಯಾರ್ಡರ್ ಮಾಡಿದೆ, ವಿಳಾಸದವರು ಸಿಕ್ಕಲಿಲ್ಲ ಎಂದು ವಾಪಸು ಬಂತು. ಸುತ್ತುವ ಜನ, ಎಲ್ಲಿ ಅಂತ ಹುಡುಕುವುದು ಎಂದು ನಾನೂ ಬಿಟ್ಟುಬಿಟ್ಟೆ. ನಿನ್ನಮ್ಮನಿಗೆ ಗೊತ್ತು, ಬೇರೆ ಯಾರಿಗೂ ಹೇಳಿದ್ದಿಲ್ಲ.

ತೊಗಲುಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆಗ ತೊಂಬತ್ತಾರು ವರ್ಷದ ಹಿರಿಜೀವ. ಪೇಪರಿನಲ್ಲಿ ಅವರ ಚಿತ್ರ ನೋಡಿ ನನಗೆ ನಮ್ಮ ಶಾಲೆಯ ಜಗಲಿಯ ಆ ಅಜ್ಜಿಯೇ ಕಂಡಹಾಗಾಯಿತು. ಅವರಲ್ಲ, ಗೊತ್ತು. ಆದರೂ ಪೇಪರನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ, ಪಂಚಾಂಗದ ಒಳಗೆ ಇಟ್ಟಿದ್ದೇನೆ.

ಇನ್ನೊಂದು ಮಾತು. ರಂಗಾಯಣದ ಆ ಬಯಲಿಗೆ ಕಿಂದರಿಜೋಗಿ ಎಂದು ಹೆಸರು. ಅಲ್ಲಿಗೆ ಬಂದಿದ್ದಾಗ ಹೆಸರು ಓದಿ ಖುಷಿಪಟ್ಟಿದ್ದೆ. ನಮ್ಮ ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಎಲ್ಲಿಯದೋ ಬ್ರೌನಿಂಗ್ ಕವಿಯ ಕತೆಯನ್ನು ತುಂಗೆಯ ದಂಡೆಗೆ ತಂದು ಮಕ್ಕಳ ಬಾಯಿಗೆ ಹಾಕಿದ ಪದ್ಯ. ನಿನಗೂ ಅಡಿಕೆ ಸುಲಿಯುತ್ತಾ ನಾನೇ ಹೇಳಿಕೊಟ್ಟೆ. ಇಲಿಗಳು ಬರುವಲ್ಲಿ ಇಬ್ಬರೂ ಎಷ್ಟು ನಗುತ್ತಿದ್ದೆವು! ಆದರೆ ಆ ಕತೆಯ ನಡು ಯಾವುದು ಹೇಳು? ಜೋಗಿ ಕಿಂದರಿ ಬಾರಿಸಿ ಇಲಿಗಳನ್ನು ತೊಲಗಿಸಿಕೊಟ್ಟ, ಊರ ಗೌಡ ಒಪ್ಪಿದ ಹಣ ಕೊಡಲಿಲ್ಲ. ಮಕ್ಕಳು ಊರು ಬಿಟ್ಟು ಹೋದದ್ದು ಅದಕ್ಕೇ. ಅಷ್ಟು ಸಲ ಹೇಳಿಕೊಟ್ಟರೂ ಆ ಗೌಡನಲ್ಲಿ ನನ್ನನ್ನು ನಾನು ಕಂಡಿರಲಿಲ್ಲ. ಮೊನ್ನೆ ನೀನು ಪುಕ್ಕಟೆ ಎಂದಾಗ ಕಂಡೆ.

ಮೇಳದವರಿಗೆ ಬಹುರೂಪಿಯವರು ಸಂಭಾವನೆ ಕೊಡದೆ ಇರುವುದಿಲ್ಲ, ಆ ಚಿಂತೆ ನಿನ್ನದಲ್ಲ. ನಾನು ಹೇಳುವುದು ಪುಟ್ಟನ ವಿಷಯ. ಚೀಟಿಯಿಲ್ಲದೆ ಕೂತು ನೋಡಿ, ಚಪ್ಪಾಳೆ ತಟ್ಟಿ, ಕಡಲೆಕಾಯಿ ತಿಂದು ಎದ್ದು ಬಂದರೆ ಅವನ ಪಾಲಿಗೆ ಗೊಂಬೆ ತಾನೇ ಕುಣಿದ ಹಾಗೆ. ಆಟ ಮುಗಿದ ಕೂಡಲೇ ಎದ್ದು ಬರಬೇಡ. ಜನ ಚದುರುವವರೆಗೆ ಕೂತಿರು. ಆಮೇಲೆ ಅವನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಆಡಿಸಿದವರ ಕೈಗೆ ಅವನ ಕೈಯಿಂದಲೇ ಏನಾದರೂ ಕೊಡಿಸು. ನೀನು ಕೊಟ್ಟು ಅವನು ನೋಡುವುದಲ್ಲ, ಅವನೇ ಕೊಡಬೇಕು. ದುಡ್ಡು ಕೊಡು, ಹಣ್ಣು ಕೊಡು, ಎಷ್ಟು ಎಂಬುದು ನಿನಗೆ ಬಿಟ್ಟದ್ದು. ಅವನು ನಾಚಿಕೊಂಡರೆ ಗದರಬೇಡ. ಸ್ವಲ್ಪ ಹೊತ್ತು ಕಾದು ನೋಡು.

ಶನಿವಾರದ ಬಸ್ಸಿನಲ್ಲಿ ಒಂದು ಚೀಲ ಕಳಿಸುತ್ತಿದ್ದೇನೆ. ನಿಮಗೆ ಎರಡು ಕೆಜಿ ಕಾಫಿ ಪುಡಿ, ಅಮ್ಮ ಕಟ್ಟಿದ ಹಪ್ಪಳ. ಬೇರೆ ಕಟ್ಟಿದ ಗಂಟಿನಲ್ಲಿ ನಮ್ಮ ಗದ್ದೆಯ ಅಕ್ಕಿ ಎರಡು ಸೇರು, ಒಂದು ತೆಂಗಿನಕಾಯಿ, ಒಂದು ಲಕೋಟೆ. ಅದನ್ನು ಬಿಚ್ಚಬೇಡ. ಪುಟ್ಟ ಹೊರಲಾರ, ನೀನು ಒಂದು ಕಡೆ ಹಿಡಿದುಕೋ. ಬಯಲಿನ ಸಂಜೆ ಥಂಡಿ, ಅವನಿಗೆ ಟೋಪಿ ಹಾಕು.

ಮೇಳದವರ ಊರು ಯಾವುದು, ಅವರ ಹಿರಿಯರು ಯಾವಾಗಲಾದರೂ ಶೃಂಗೇರಿ ಕಡೆ ಬಂದದ್ದುಂಟೇ ಎಂದು ಕೇಳಿ ನನಗೆ ಬರೆ.

ಇತಿ,
ಅಪ್ಪಯ್ಯ