ಮಂತ್ರಕ್ಕೆ ಪ್ರತಿಮಂತ್ರ

ಒಬ್ಬನು ಕತ್ತಲೆಯ ಮಂತ್ರವನ್ನು ಪ್ರಯೋಗಿಸಿದನು. ಇನ್ನೊಬ್ಬನು ಅದೇ ಸ್ಥಳದಲ್ಲಿ ಬೆಳಕಿನ ಮಂತ್ರವನ್ನು ಪ್ರಯೋಗಿಸಿದನು. ಗೆಲ್ಲುವುದಾವುದು? ಬಯಲಾಟಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳು, ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರವಿದ್ದಂತೆ ಒಂದು ಇನ್ನೊಂದನ್ನು ಅಡಗಿಸುವುದೆಂದು ಥಟ್ಟನೆ ಹೇಳಿಯಾರು. ಆದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಉತ್ತರವು ಅಷ್ಟು ಸುಲಭವಲ್ಲ.

ಇದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವನ್ನು ವಹಿಸುವರು. ಸೂತ್ರಧಾರನೊಬ್ಬನು ಕಥೆಯನ್ನು ನಡೆಸುವನು. ಸಂಶಯವಿದ್ದೆಡೆ ದಾಳವನ್ನು ಉರುಳಿಸುವರು. 1980ರ ದಶಕದಲ್ಲಿ ಆ ದೇಶದ ಕೆಲವು ತಾಯಿತಂದೆಗಳು ಇದು ಮಾಟವನ್ನು ಕಲಿಸುವ ಆಟವೆಂದು ಹೆದರಿದ್ದುಂಟು. ನಿಯಮಗಳನ್ನು ಓದಿದರೆ ಅಲ್ಲಿ ಕಾಣುವುದು ಮಾಟವಲ್ಲ, ಲೆಕ್ಕ ಮತ್ತು ವ್ಯಾಕರಣ!

ಮಂತ್ರಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ದರ್ಜೆಗಳುಂಟು. 2014ರ ಆವೃತ್ತಿಯಲ್ಲಿ ಕತ್ತಲೆಯ ಮಂತ್ರವು ಎರಡನೆಯ ದರ್ಜೆಯದು; ಎರಡು ಅಥವಾ ಅದಕ್ಕಿಂತ ಕೆಳಗಿನ ದರ್ಜೆಯ ಮಂತ್ರದ ಬೆಳಕು ತಾಗಿದರೆ ಅದನ್ನು ಅಳಿಸುತ್ತದೆ. ಹಗಲುಬೆಳಕಿನ ಮಂತ್ರವು ಮೂರನೆಯ ದರ್ಜೆಯದು. ಮೂರು ಅಥವಾ ಕೆಳಗಿನ ದರ್ಜೆಯ ಕತ್ತಲೆಯನ್ನು ಅದು ಅಳಿಸುತ್ತದೆ. ಆದರೆ ಬಲ್ಲಿದನಾದ ಮಾಂತ್ರಿಕನು ಅದೇ ಕತ್ತಲೆಯನ್ನು ನಾಲ್ಕನೆಯ ದರ್ಜೆಯ ಬಲದಿಂದ ಪ್ರಯೋಗಿಸಿದರೆ? ಹಗಲುಬೆಳಕು ಅದನ್ನು ಅಳಿಸಲಾರದು. ಕತ್ತಲೆಯೂ ಮೂರನೆಯ ದರ್ಜೆಯ ಬೆಳಕನ್ನು ಅಳಿಸಲಾರದು. ಆಗ ತೀರ್ಪು ಸೂತ್ರಧಾರನದು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಮಂತ್ರವು ತನ್ನ ವಾಕ್ಯದಲ್ಲಿ ಹೇಳಿದಷ್ಟನ್ನೇ ಮಾಡುತ್ತದೆ. ವೇಗದ ಮಂತ್ರ, ಮಾಂದ್ಯದ ಮಂತ್ರ ಎಂದು ಎರಡುಂಟು. 2000ದ ಆವೃತ್ತಿಯಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆಂದು ಸ್ಪಷ್ಟವಾಗಿ ಬರೆದಿತ್ತು. 2014ರಲ್ಲಿ ಆ ವಾಕ್ಯವಿಲ್ಲ. ಆದುದರಿಂದ ಎರಡೂ ಒಬ್ಬನ ಮೇಲೆಯೇ ನಿಲ್ಲುತ್ತವೆ! 30 ಅಡಿಯ ನಡಿಗೆ ಇಮ್ಮಡಿಯಾಗಿ 60, ಅರ್ಧವಾಗಿ ಮತ್ತೆ 30. ರಕ್ಷಣೆಗೆ ಎರಡು ಕೂಡಿ, ಎರಡು ಕಳೆಯುತ್ತದೆ. ಲೆಕ್ಕವು ಸಮವಾಯಿತೆಂದು ತಿಳಿಯಬೇಡಿ. ಶತ್ರುವಿನ ಸರದಿಯಲ್ಲಿ ಥಟ್ಟನೆ ಪ್ರತಿಕ್ರಿಯೆ ತೋರುವ ಶಕ್ತಿಯನ್ನು ಮಾಂದ್ಯವು ಕಸಿದುಕೊಂಡಿರುತ್ತದೆ. ವೇಗದ ಮಂತ್ರದಲ್ಲಿ ಅದನ್ನು ಮರಳಿಸುವ ಮಾತಿಲ್ಲ. ಆ ಒಂದು ಕೊರತೆಯಿಂದಲೇ ಪಾತ್ರವು ಪ್ರಾಣ ಕಳೆದುಕೊಂಡೀತು. ಕಥೆಗೆ ಹಳೆಯ ನಿಯಮವೇ ಸೊಗಸೆಂದು ನನ್ನ ಮತ. ಬುದ್ಧಿಗೆ ಕಸರತ್ತು ಹೊಸದರಲ್ಲಿ ಹೆಚ್ಚು.

ಒಂದೇ ಮಂತ್ರವನ್ನು ಇಬ್ಬರು ಪ್ರಯೋಗಿಸಿದರೂ ಫಲವು ಇಮ್ಮಡಿಯಾಗದು. ಇಬ್ಬರು ಅರ್ಚಕರು ಒಬ್ಬನನ್ನೇ ಹರಸಿದರೆ ಅವನಿಗೆ ದೊರೆಯುವುದು ನಾಲ್ಕು ಮುಖದ ಒಂದೇ ದಾಳ.

ಇನ್ನು ಅನ್ಯಮಂತ್ರವನ್ನು ಅಳಿಸುವುದಕ್ಕೆಂದೇ ಮೂರನೆಯ ದರ್ಜೆಯ ಮಂತ್ರವೊಂದಿದೆ. ಮೂರು ಅಥವಾ ಕೆಳಗಿನ ದರ್ಜೆಯವು ಅದರೆದುರು ಕೂಡಲೆ ಅಳಿಯುತ್ತವೆ. ಮೇಲಿನವುಗಳಿಗೆ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಮಾಂತ್ರಿಕನ ಸಾಮರ್ಥ್ಯದ ಅಂಕವನ್ನು ಕೂಡಿಸಬೇಕು. ಮೊತ್ತವು ಹತ್ತಕ್ಕೆ ಆ ಮಂತ್ರದ ದರ್ಜೆಯನ್ನು ಸೇರಿಸಿದಷ್ಟಾದರೂ ಆಗಬೇಕು. ಹಿರಿಯ ತರಗತಿಯವರು ಲೆಕ್ಕ ಮಾಡಿ ನೋಡಲಿ: ಅಳಿಸಬೇಕಾದ ಮಂತ್ರವು ಏಳನೆಯ ದರ್ಜೆಯದು, ಮಾಂತ್ರಿಕನ ಅಂಕ ನಾಲ್ಕು. ಗೆಲ್ಲುವ ಸಂಭವವು ಇಪ್ಪತ್ತರಲ್ಲಿ ಎಷ್ಟು?